ಒಂದು ಗ್ಯಾಲನ್ ಬಿಯರ್ ಕಿಟ್: ಪೋರ್ಟ್‌ಲ್ಯಾಂಡಿನಲ್ಲಿ ಬಾರ್ಲಿ, ತುಮಕೂರಿನಲ್ಲಿ ಶುಂಠಿ

ಅಮೆರಿಕದ ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿರುವ ತಮ್ಮನ ಮನೆಯಲ್ಲಿ ಮೂರು ತಿಂಗಳು ಉಳಿದಿದ್ದಾಗ, ಅಡುಗೆಮನೆಯ ಒಲೆಯ ಮೇಲೆ ಬಿಯರ್ ತಯಾರಾಗುವುದನ್ನು ಮೊದಲ ಬಾರಿಗೆ ಕಂಡೆ. ಎರಡು ಸಲ ಅವನೊಂದಿಗೆ ನಿಂತು ನಾನೂ ತಯಾರಿಸಿದೆ. ಊರಿಗೆ ಹೊರಟಾಗ ಅವನು ಅದೇ ಬಗೆಯ ಹೊಸ ಕಿಟ್ಟೊಂದನ್ನು ಬಟ್ಟೆಗಳ ನಡುವೆ ಸುತ್ತಿ ನನ್ನ ಸೂಟ್‌ಕೇಸಿನಲ್ಲಿಟ್ಟ. ಆ ಕಿಟ್ಟು ತುಮಕೂರಿನ ನಮ್ಮ ಮನೆಗೆ ಬಂದು ಒಂದೂವರೆ ವರ್ಷವಾಗಿದೆ. ಇಷ್ಟು ಕಾಲ ಬಳಸಿದ ಮೇಲೆ ಅದರ ಗುಣದೋಷಗಳನ್ನು ಬರೆಯುವ ಧೈರ್ಯ ಬಂದಿದೆ. ತಯಾರಕರ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದೇನೆ. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಅಳತೆಯ ಕಿಟ್ಟುಗಳನ್ನು ಹಲವು ಕಂಪನಿಗಳು ಮಾರುತ್ತವೆ, ಒಳಗಿರುವ ಸಾಮಾನು ಹೆಚ್ಚುಕಡಿಮೆ ಒಂದೇ, ಮತ್ತು ನನ್ನ ದೂರುಗಳೆಲ್ಲ ಆ ಇಡೀ ಬಗೆಗೆ ಸಂಬಂಧಿಸಿದವು.

ಮುಂದುವರಿಯುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಮೆರಿಕದಲ್ಲಿ ಮನೆಯ ಬಳಕೆಗೆ ಬಿಯರ್ ತಯಾರಿಸಲು 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ದಾರಿಯಾಯಿತು. ಅದರ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ತಯಾರಿಸಬಹುದು, ಆದರೆ ಮಾರುವಂತಿಲ್ಲ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸ್ವಂತಕ್ಕೆ, ಸ್ವಲ್ಪವೇ, ಸ್ನೇಹಿತರಿಗೆ ಎಂಬ ಸಮಜಾಯಿಷಿಗಳು ಅಲ್ಲಿ ನಡೆಯುವುದಿಲ್ಲ. ಆದ್ದರಿಂದ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸು (ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಒಂದು ಬಳ್ಳಿಯ ಹೂವು) ಇವುಗಳ ಪೊಟ್ಟಣಗಳನ್ನು ತಮ್ಮನ ಮನೆಯಲ್ಲಿಯೇ ಬಿಟ್ಟು, ಪಾತ್ರೆ ಪರಿಕರಗಳನ್ನು ಮಾತ್ರ ತಂದೆ. ಬಿಯರಿನ ಅನುಭವ ಪೋರ್ಟ್‌ಲ್ಯಾಂಡಿನದು. ತುಮಕೂರಿನಲ್ಲಿ ಈ ಕಿಟ್ಟು ಕಂಡಿರುವುದು ಶುಂಠಿ, ನಿಂಬೆ, ಸಕ್ಕರೆಗಳನ್ನಷ್ಟೇ.

ಡಬ್ಬದಲ್ಲಿ ಸುಮಾರು 3.8 ಲೀಟರ್ ಹಿಡಿಯುವ ಗಾಜಿನ ಹೂಜಿ, ಅದರ ಬಾಯಿಗೆ ತೂತಿರುವ ರಬ್ಬರ್ ಬಿರಡೆ, ಆ ತೂತಿನಲ್ಲಿ ಕೂರುವ ಏರ್‌ಲಾಕ್ ಎಂಬ ಪುಟ್ಟ ಪ್ಲಾಸ್ಟಿಕ್ ಸಾಧನ, ಒಂದು ಹೂಜಿಯಿಂದ ಬಾಟಲಿಗೆ ದ್ರವ ಇಳಿಸುವ ಕೊಳವೆ, ಅದನ್ನು ಬಿಗಿಯುವ ಕ್ಲಿಪ್ಪು, ಥರ್ಮಾಮೀಟರ್ ಮತ್ತು ಪಾತ್ರೆಗಳ ಕ್ರಿಮಿ ತೆಗೆಯುವ ಪುಡಿ ಇರುತ್ತವೆ. ಇವುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಏರ್‌ಲಾಕ್. ಅದರೊಳಗೆ ಅರ್ಧ ಚಮಚ ನೀರು ನಿಂತಿರುತ್ತದೆ. ಒಳಗೆ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಆ ನೀರನ್ನು ತಳ್ಳಿಕೊಂಡು ಗುಳುಗುಳು ಎಂದು ಹೊರಹೋಗುತ್ತದೆ, ಹೊರಗಿನ ಗಾಳಿಯಾಗಲಿ ಹಣ್ಣುನೊಣವಾಗಲಿ ಒಳಗೆ ಬರಲಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೇಳಿಸುವ ಆ ಶಬ್ದಕ್ಕೆ ನನ್ನ ಹೆಂಡತಿ ಮೊದಲೆರಡು ದಿನ ಸಿಡುಕಿದಳು, ಮೂರನೆಯ ದಿನ ಅದು ನಿಂತಾಗ "ಯಾಕೆ ಸುಮ್ಮನಾಯಿತು?" ಎಂದು ಅವಳೇ ವಿಚಾರಿಸಿದಳು.

ಥರ್ಮಾಮೀಟರ್ ಫ್ಯಾರನ್‌ಹೀಟಿನಲ್ಲಿ ಮಾತ್ರ ತೋರಿಸುತ್ತದೆ. ರಬ್ಬರ್ ಬಿರಡೆ ಒಂದೇ ಬೇಸಿಗೆಗೆ ಗಟ್ಟಿಯಾಗಿ ಬಿರುಕುಬಿಟ್ಟಿತು; ಅದೇ ಅಳತೆಯದು ಕಾಲೇಜುಗಳಿಗೆ ಪ್ರಯೋಗಾಲಯದ ಸಾಮಾನು ಒದಗಿಸುವ ಅಂಗಡಿಯಲ್ಲಿ ಸಿಕ್ಕಿತು.

ಪೋರ್ಟ್‌ಲ್ಯಾಂಡಿನ ಬಿಯರಿನ ವಿಷಯಕ್ಕೆ ಬರುತ್ತೇನೆ. ಬಿಯರ್ ತಯಾರಿಕೆ ಎಂದರೆ ದೊಡ್ಡ ಕಾರ್ಖಾನೆಯ ಕೆಲಸ ಎಂದು ತಿಳಿದಿದ್ದ ನನಗೆ, ಅದರ ಮೊದಲ ಅರ್ಧ ಗಂಜಿ ಕಾಯಿಸುವ ಕೆಲಸದಂತೆಯೇ ಕಂಡಿತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, 65ರಿಂದ 67 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನೀರಿನಲ್ಲಿ ನೆನೆಯಲು ಬಿಡಬೇಕು. ಮೊಳಕೆಯಲ್ಲಿ ಹುಟ್ಟಿಕೊಂಡ ಕಿಣ್ವಗಳು ಆ ಶಾಖದಲ್ಲಿ ಪಿಷ್ಟವನ್ನು ಸಕ್ಕರೆಯನ್ನಾಗಿ ಒಡೆಯುತ್ತವೆ. ಮೊಳಕೆ ರಾಗಿಯ ಹಿಟ್ಟಿನಿಂದ ಮಾಡಿದ ಗಂಜಿ ಬೇಗ ತೆಳ್ಳಗಾಗುವುದಕ್ಕೂ, ಮಗುವಿಗೆ ಸುಲಭವಾಗಿ ಅರಗುವುದಕ್ಕೂ ಇದೇ ಕಾರಣ. ಕಾಳು ಸೋಸಿ ತೆಗೆದ ಮೇಲೆ ಉಳಿದ ಸಿಹಿ ದ್ರವವನ್ನು ಒಂದು ಗಂಟೆ ಕುದಿಸುತ್ತ, ನಡುನಡುವೆ ಹಾಪ್ಸ್ ಹಾಕಬೇಕು. ಮೊದಲೇ ಹಾಕಿದ ಹಾಪ್ಸ್ ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳ ಕೊಡುತ್ತದೆ. ಒಗ್ಗರಣೆಗೆ ಇಂಗನ್ನೂ ಕೊನೆಗೆ ಕೊತ್ತಂಬರಿಯನ್ನೂ ಹಾಕುವ ಕೈಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕಿಟ್ಟಿನಲ್ಲಿದ್ದದ್ದು ಕ್ಯಾಸ್ಕೇಡ್ ಎಂಬ ತಳಿ. 1972ರಲ್ಲಿ ಓರೆಗಾನಿನಲ್ಲಿಯೇ ಬಿಡುಗಡೆಯಾದ ತಳಿಯಂತೆ. ಪೊಟ್ಟಣ ಒಡೆದಾಗ ಬಂದ ವಾಸನೆಗೆ ಅಲ್ಲಿನವರು ದ್ರಾಕ್ಷಿಯ ಹೆಸರಿಟ್ಟುಕೊಂಡ, ಗ್ರೇಪ್‌ಫ್ರೂಟ್ ಎಂಬ ದೊಡ್ಡ ಕಿತ್ತಳೆಯಂಥ ಹಣ್ಣನ್ನು ನೆನೆಯುತ್ತಾರೆ. ನನಗೆ ನೆನಪಾದದ್ದು ದೇವನಹಳ್ಳಿಯ ಚಕ್ಕೋತದ ಸಿಪ್ಪೆ.

ಕುದಿದ ದ್ರವವನ್ನು ಐಸಿನ ತೊಟ್ಟಿಯಲ್ಲಿಟ್ಟು 20 ಡಿಗ್ರಿಗೆ ತಣಿಸಿ, ಹೂಜಿಗೆ ಸುರಿದು ಯೀಸ್ಟ್ ಹಾಕಿದರೆ ಅಂದಿನ ಕೆಲಸ ಮುಗಿಯಿತು. ಎರಡು ವಾರ ಅದು ಕತ್ತಲೆಯಲ್ಲಿರಬೇಕು. ಬಳಿಕ ಲೀಟರಿಗೆ ಸುಮಾರು 7 ಗ್ರಾಂ ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿ ಇನ್ನೆರಡು ವಾರ ಕಾಯಬೇಕು. ಈ ಕೊನೆಯ ಸಕ್ಕರೆಯೇ ಬಾಟಲಿಯೊಳಗೆ ನೊರೆಯಾಗುತ್ತದೆ. ನಮ್ಮ ಮೊದಲ ತಯಾರಿಕೆಯ ಸಾಂದ್ರತೆ (ನೀರಿನದು 1 ಎಂದಿಟ್ಟುಕೊಂಡರೆ) ಆರಂಭದಲ್ಲಿ 1.050, ಸಕ್ಕರೆ ಮದ್ಯಸಾರವಾಗಿ ಬದಲಾದ ಮೇಲೆ ಕೊನೆಯಲ್ಲಿ 1.012, ಲೆಕ್ಕ ಹಾಕಿದರೆ ಶೇಕಡಾ 5ರಷ್ಟು ಮದ್ಯಸಾರ. ಈ ಅಳತೆಗೆ ಬೇಕಾದ, ದ್ರವದಲ್ಲಿ ತೇಲಿಬಿಟ್ಟು ಸಾಂದ್ರತೆ ಓದುವ ಹೈಡ್ರೋಮೀಟರ್ ಕಿಟ್ಟಿನಲ್ಲಿ ಇರಲಿಲ್ಲ, ತಮ್ಮ ಬೇರೆಯಾಗಿ ಕೊಂಡಿದ್ದ. ಹುದುಗು ಮುಗಿದಿದೆಯೋ ಇಲ್ಲವೋ ಎಂಬುದನ್ನು ನಿಶ್ಚಿತವಾಗಿ ತಿಳಿಸುವ ಒಂದೇ ಉಪಕರಣವನ್ನು ಬಿಟ್ಟು, ಬಣ್ಣಬಣ್ಣದ ಅಂಟುಚೀಟಿಗಳನ್ನು ಡಬ್ಬದಲ್ಲಿ ತುಂಬಿರುವುದು ನನಗೆ ಕ್ಷಮಿಸಲಾಗದ ಲೋಪವೆನಿಸಿತು.

ರುಚಿ? ಅಂಗಡಿಯ ಬಿಯರಿಗಿಂತ ಮಬ್ಬಾಗಿ, ತುಸು ದಪ್ಪವಾಗಿ, ಬ್ರೆಡ್ಡಿನ ಅಂಚಿನ ಪರಿಮಳದೊಂದಿಗೆ ಇತ್ತು. ಅದ್ಭುತ ಎನ್ನಲಾರೆ, ಆದರೆ ಇನ್ನೊಂದು ಗುಟುಕಿಗೆ ಕೈ ತಾನಾಗಿ ಹೋಗುತ್ತಿತ್ತು. ತೊಂದರೆ ಇದ್ದದ್ದು ಅಳತೆಯಲ್ಲಿ. ಒಂದು ಗ್ಯಾಲನ್ನಿನಲ್ಲಿ ತಳದ ಗಷ್ಟನ್ನು ಬಿಟ್ಟರೆ ಒಂಬತ್ತು ಬಾಟಲಿ ಸಿಗುತ್ತದೆ, ಬಹಳ ಎಚ್ಚರದಿಂದ ಸುರಿದರೆ ಹತ್ತು. ತಮ್ಮ ಕರೆದದ್ದು ಕನ್ನಡದ ನಾಲ್ಕು ಕುಟುಂಬಗಳನ್ನು ಮತ್ತು ಪಕ್ಕದ ಮನೆಯ ವೃದ್ಧ ದಂಪತಿಯನ್ನು. ನಾಲ್ಕು ವಾರ ಕಾದು, ಒಂದಿಡೀ ಭಾನುವಾರ ಒಲೆಯ ಮುಂದೆ ನಿಂತು ಗಳಿಸಿದ್ದು ಬಿಸಿಬೇಳೆಬಾತು ಬಡಿಸುವ ಮೊದಲೇ ಖಾಲಿಯಾಯಿತು. ಎಲ್ಲರಿಗೂ ಸಿಗಲೆಂದು ತಮ್ಮನ ಹೆಂಡತಿಯ ಕಡೆಯವರು ಕಾಫಿ ಲೋಟಗಳಲ್ಲಿ ತೀರ್ಥದಂತೆ ಹಂಚಿದರು. ಪಕ್ಕದ ಮನೆಯ ಹಿರಿಯರು ಲೋಟವನ್ನು ಬೆಳಕಿಗೆ ಹಿಡಿದು, ತಾವು ಯೌವನದಲ್ಲಿ ತಯಾರಿಸುತ್ತಿದ್ದಾಗ ಐದು ಗ್ಯಾಲನ್‌ಗಿಂತ ಕಡಿಮೆ ಮಾಡಿದ್ದೇ ಇಲ್ಲವೆಂದರು. ಮರುದಿನ ಆ ಹಿರಿಯರೇ ತಮ್ಮಲ್ಲಿದ್ದ ಹಳೆಯ ಐದು ಗ್ಯಾಲನ್ ಬಕೆಟ್ಟನ್ನು ಗ್ಯಾರೇಜಿನಿಂದ ತೆಗೆದು ತಂದುಕೊಟ್ಟರು. ಒಂದು ಗ್ಯಾಲನ್ನಿಗೂ ಐದು ಗ್ಯಾಲನ್ನಿಗೂ ಹಿಡಿಯುವ ಸಮಯ ಹೆಚ್ಚುಕಡಿಮೆ ಒಂದೇ. ಒಬ್ಬಂಟಿಯಾಗಿ ಕುಡಿಯುವವನ ಲೆಕ್ಕದಲ್ಲಿ ಮಾಡಿದ ಕಿಟ್ಟು ಇದು, ಹಂಚುವವನ ಲೆಕ್ಕದಲ್ಲಿ ಅಲ್ಲ ಎಂಬ ಅಭಿಪ್ರಾಯ ನನಗೆ ಅಂದೇ ಬಂದಿತು. ಅಂದಹಾಗೆ, ಸೋಸಿ ಉಳಿದ ಬಾರ್ಲಿಯ ಚರಟವನ್ನು ಅಕ್ಕಿಹಿಟ್ಟಿಗೆ ಬೆರೆಸಿ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ರೊಟ್ಟಿ ತಟ್ಟಿದೆವು. ಆ ದಿನದ ಊಟದಲ್ಲಿ ಮಿಗದೆ ಹೋದ ಎರಡನೆಯ ಪದಾರ್ಥ ಅದು.

ತುಮಕೂರಿಗೆ ಬಂದ ಮೇಲೆ ಕಿಟ್ಟಿನ ಕೈಪಿಡಿ ಬಹುಪಾಲು ನಿರುಪಯೋಗಿಯಾಯಿತು. "ಕೋಣೆಯ ಉಷ್ಣತೆಯಲ್ಲಿಡಿ" ಎಂದು ಅದರಲ್ಲಿ ಮೂರು ಕಡೆ ಬರೆದಿದೆ. ಬರೆದವರ ಕೋಣೆ 18ರಿಂದ 21 ಡಿಗ್ರಿಯದು. ಏಪ್ರಿಲಿನಲ್ಲಿ 36 ಡಿಗ್ರಿ ದಾಟುವ ನಮ್ಮೂರಿನ ಕೋಣೆಯಲ್ಲಿ ಯೀಸ್ಟ್ ಓಡುವ ವೇಗವೇ ಬೇರೆ. ಅಲ್ಲಿ ಮೂರು ದಿನ ಹಿಡಿಯುವ ಕೆಲಸ ಇಲ್ಲಿ ಒಂದು ರಾತ್ರಿಯಲ್ಲಿ ಮುಗಿದುಹೋಗುತ್ತದೆ, ಮತ್ತು ಬಿಸಿಯಲ್ಲಿ ಧಾವಂತಪಟ್ಟ ಯೀಸ್ಟ್ ಕಳಿತ ಬಾಳೆಹಣ್ಣಿನ ವಾಸನೆಯನ್ನೂ ಗಂಟಲು ಕೆರೆಯುವ ಒಗರನ್ನೂ ಬಿಡುತ್ತದೆ. ದೋಸೆ ಹಿಟ್ಟನ್ನು ಬೇಸಿಗೆಯಲ್ಲಿ ಒಂದು ಹೊತ್ತಿಗೆ, ಚಳಿಯಲ್ಲಿ ಇನ್ನೊಂದು ಹೊತ್ತಿಗೆ ರುಬ್ಬಿಡುವ ಮನೆಯವರಿಗೆ ಇದು ಹೊಸ ವಿದ್ಯೆಯಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮಾಡುವ ಯಾರನ್ನು ಕೇಳಿದರೂ ಕೈಪಿಡಿಗಿಂತ ಚೆನ್ನಾಗಿ ಹೇಳಿಯಾರು. ಹೂಜಿಯನ್ನು ನೀರು ತುಂಬಿದ ಬೋಗುಣಿಯಲ್ಲಿ ನಿಲ್ಲಿಸಿ, ಒದ್ದೆ ಗೋಣಿಚೀಲ ಸುತ್ತಿ, ಹಜಾರದ ಮೂಲೆಯಲ್ಲಿ ಇಡುವ ಕ್ರಮ ನನಗೆ ಒಗ್ಗಿದೆ. ನವೆಂಬರ್‌ನಿಂದ ಜನವರಿಯವರೆಗೆ ಅದೂ ಬೇಡ.

ನೀರಿನ ವಿಷಯದಲ್ಲಿಯೂ ಕೈಪಿಡಿ ಮೌನವಾಗಿದೆ. ಬುಗುಡನಹಳ್ಳಿ ಕೆರೆಯಿಂದ ನಮ್ಮ ನಲ್ಲಿಗೆ ಬರುವ ಹೇಮಾವತಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಹುದುಗುವ ಪದಾರ್ಥದೊಂದಿಗೆ ಸೇರಿದರೆ ಆಸ್ಪತ್ರೆಯ ವಾರ್ಡಿನ ವಾಸನೆ ಹುಟ್ಟುತ್ತದೆ. ನನ್ನ ಮೊದಲ ಹೂಜಿಯನ್ನು ತೆಂಗಿನ ಮರದ ಬುಡಕ್ಕೆ ಸುರಿಯಬೇಕಾಯಿತು. ಕುದಿಸಿ ಆರಿಸಿದ ನೀರಿನಿಂದ ಆ ತೊಂದರೆ ಹೋಯಿತು. ಬೋರ್‌ವೆಲ್ ನೀರನ್ನು ಒಮ್ಮೆ ಬಳಸಿ ನೋಡಿದೆ, ಅದರ ಗಡಸು ರುಚಿ ಶುಂಠಿಯ ಹಿಂದೆಯೂ ಅಡಗಲಿಲ್ಲ.

ಈಗ ನಾನು ಅನುಸರಿಸುವ ವಿಧಾನ ಇದು. 100 ಗ್ರಾಂ ಶುಂಠಿಯನ್ನು ಸಿಪ್ಪೆಸಹಿತ ತುರಿದು, ಮೂರೂವರೆ ಲೀಟರ್ ನೀರಿನಲ್ಲಿ 280 ಗ್ರಾಂ ಸಕ್ಕರೆಯೊಂದಿಗೆ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ ಹಿಂಡಿ, ಸೋಸಿ ಹೂಜಿಗೆ ತುಂಬುತ್ತೇನೆ. ಸಕ್ಕರೆಯಲ್ಲಿ ಕಾಲು ಭಾಗಕ್ಕೆ ಬದಲಾಗಿ ಬೆಲ್ಲ ಹಾಕಿದರೆ ಬಣ್ಣವೂ ರುಚಿಯೂ ಚೆಂದ. ಪೂರ್ತಿ ಬೆಲ್ಲ ಹಾಕಿದರೆ ಪಾನಕ ಕೆಟ್ಟಂತಿರುತ್ತದೆ. ಬೇಕರಿಯ ಯೀಸ್ಟ್ ಒಂದು ಚಿಟಿಕೆ ಸಾಕು. ಏರ್‌ಲಾಕಿನಲ್ಲಿ ಗುಳ್ಳೆ ಏಳಲು ತೊಡಗಿದ ಕೂಡಲೇ ಬಾಟಲಿಗೆ ಇಳಿಸುತ್ತೇನೆ. ಇಂಗ್ಲೆಂಡಿನ ಮನೆಗಳಲ್ಲಿ ಶುಂಠಿ ಬಿಯರನ್ನು ಹುದುಗೆಬ್ಬಿಸುತ್ತಿದ್ದ ಲೋಳೆಲೋಳೆಯಾದ ಹರಳುಗಳು ಒಂದೇ ಜೀವಿಯಲ್ಲ, ಯೀಸ್ಟ್ ಮತ್ತು ಬ್ಯಾಕ್ಟೀರಿಯ ಕೂಡಿ ಬಾಳುವ ಒಕ್ಕೂಟ ಎಂದು ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ತೋರಿಸಿಕೊಟ್ಟರು. ಅಂಥ ಒಕ್ಕೂಟ ನಮ್ಮ ಹಿಟ್ಟಿನ ಪಾತ್ರೆಯಲ್ಲಿ ನಿತ್ಯವೂ ಇದೆಯಾದರೂ, ಅದನ್ನು ಶುಂಠಿಗೆ ಹಾಕುವ ಪ್ರಯೋಗವನ್ನು ಮನೆಯಲ್ಲಿ ಯಾರೂ ಅನುಮೋದಿಸಲಿಲ್ಲ.

ಮುಖ್ಯ ಪ್ರಶ್ನೆ ಹುದುಗನ್ನು ಎಲ್ಲಿ ನಿಲ್ಲಿಸಬೇಕೆಂಬುದು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಾವಳಿ ಮದ್ಯಸಾರ ಶೇಕಡಾ 0.5ನ್ನು ಮೀರಿದ ಪಾನೀಯವನ್ನು ಮದ್ಯವೆಂದು ಎಣಿಸುತ್ತದೆ. ಅದಕ್ಕಿಂತ ಕೆಳಗೆ ಉಳಿಯುವುದು ನನ್ನ ಗುರಿ. ಇಲ್ಲಿ ಕಿಟ್ಟಿನಲ್ಲಿಲ್ಲದ ಹೈಡ್ರೋಮೀಟರ್ ಬೇಕಾಯಿತು. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯಾಗಿದ್ದ ನನ್ನ ಭಾವ ಈ ಪೇಚಾಟವನ್ನು ಕೇಳಿ, "ಅಯ್ಯೋ, ಇದಕ್ಯಾಕೆ ಅಮೆರಿಕದ ತನಕ ಹೋಗ್ತೀಯಪ್ಪ, ನಮ್ಮ ಡೇರಿ ಲ್ಯಾಕ್ಟೋಮೀಟ್ರು ಏನು ಮಾಡುತ್ತೆ ಮತ್ತೆ?" ಎಂದರು. ಮೊದಲು ನಕ್ಕೆ, ಆಮೇಲೆ ಯೋಚಿಸಿದೆ. ಲ್ಯಾಕ್ಟೋಮೀಟರಿನಲ್ಲಿ 30 ಎಂದರೆ 1.030 ಸಾಂದ್ರತೆ. ನನ್ನ ಶುಂಠಿ ಪಾನಕದ ಆರಂಭದ ಸಾಂದ್ರತೆಯೂ ಅಷ್ಟೇ. ಅದು 27ಕ್ಕೆ ಇಳಿದರೆ ಮದ್ಯಸಾರ ಸುಮಾರು 0.4. ಬಿಯರಿನ ಹೈಡ್ರೋಮೀಟರಿನಲ್ಲಿ ಈ ಮೂರು ಗೆರೆಗಳು ಕಣ್ಣಿಗೆ ಕಾಣದಷ್ಟು ಒತ್ತಾಗಿರುತ್ತವೆ. ಹಾಲಿಗೆ ನೀರು ಬೆರೆಸಿದ್ದನ್ನು ಹಿಡಿಯಲೆಂದೇ ಮಾಡಿದ ಈ ಬುರುಡೆಯಲ್ಲಿ ಅವು ಬಿಡಿಬಿಡಿಯಾಗಿ ಕಾಣುತ್ತವೆ. ಎರಡು ಎಚ್ಚರಿಕೆಗಳು ಬೇಕು. ಗುಳ್ಳೆಗಳು ಬುರುಡೆಗೆ ಅಂಟಿ ಅದನ್ನು ಮೇಲೆತ್ತುವುದರಿಂದ, ಮಾದರಿಯನ್ನು ಕಾಫಿ ಆರಿಸುವಂತೆ ಎರಡು ಲೋಟಗಳ ನಡುವೆ ಹತ್ತಾರು ಸಲ ಎತ್ತಿಹೊಯ್ದು ಗುಳ್ಳೆ ಬಿಡಿಸಬೇಕು. ದ್ರವ ಬಿಸಿಯಾದಷ್ಟೂ ಅಂಕ ಕಡಿಮೆ ತೋರುವುದರಿಂದ, ಮೊದಲ ಅಳತೆಯನ್ನೂ ಕೊನೆಯ ಅಳತೆಯನ್ನೂ ಒಂದೇ ಉಷ್ಣತೆಯಲ್ಲಿ ತೆಗೆಯಬೇಕು.

27 ಬಂದ ಕ್ಷಣ ಬಾಟಲಿಗಳೆಲ್ಲ ಫ್ರಿಜ್ಜಿಗೆ ಹೋಗಬೇಕು. ಪ್ರತಿಸಲ ಬಾಟಲಿ ತೆರೆದು ಅಳೆಯಲಾಗದು, ಆದ್ದರಿಂದ ಒಂದು ಪಾಲನ್ನು ಪ್ಲಾಸ್ಟಿಕ್ ಸೋಡಾ ಬಾಟಲಿಗೆ ತುಂಬಿಡುತ್ತೇನೆ. ಹೆಬ್ಬೆರಳಿನಿಂದ ಒತ್ತಿದಾಗ ಅದು ಅಂಗಡಿಯ ಸೋಡಾದಂತೆ ಬಿಗಿಯಾಗಿದ್ದರೆ ಸಮಯ ಬಂದಿದೆಯೆಂದು ಅರ್ಥ. ಫ್ರಿಜ್ಜು ಯೀಸ್ಟನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ, ವಾರದೊಳಗೆ ಕುಡಿದು ಮುಗಿಸಬೇಕು.

ಈ ನಿಯಮವನ್ನು ನಾನು ಕಲಿತದ್ದು ಸುಲಭವಾಗಿಯಲ್ಲ. ಕಿಟ್ಟಿನೊಂದಿಗೆ ಬಾಟಲಿ ಬರುವುದಿಲ್ಲವಾದ್ದರಿಂದ, ತಂತಿಯ ಬಿರಡೆಯಿರುವ ಬಾಟಲಿಗಳನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಕೆಲವು ದುಂಡನೆಯವು, ಕೆಲವು ನೋಡಲು ಅಂದವಾದ ಚೌಕದವು. ಕಳೆದ ಏಪ್ರಿಲಿನಲ್ಲಿ ನಾಲ್ಕು ಬಾಟಲಿಗಳನ್ನು ಉಗ್ರಾಣದಲ್ಲಿಟ್ಟು, ಮದುವೆಗೆಂದು ಎರಡು ದಿನ ತಿಪಟೂರಿಗೆ ಹೋದೆವು. ಹಿಂತಿರುಗಿ ಬಾಗಿಲು ತೆರೆದರೆ ಚೌಕದ ಎರಡೂ ಬಾಟಲಿಗಳು ಸಿಡಿದಿದ್ದವು. ಗಾಜಿನ ಚೂರುಗಳು ಹುಣಸೆಹಣ್ಣಿನ ಡಬ್ಬದ ಮುಚ್ಚಳವನ್ನು ಸೀಳಿ ಒಳಗೆ ಹೊಕ್ಕಿದ್ದವು. ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನು ಎಸೆಯಬೇಕಾಯಿತು. ಕಾರಣ ಸರಳ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ದ್ರವದಷ್ಟೇ ಗಾತ್ರದ ಅನಿಲ ಹುಟ್ಟುತ್ತದೆ. ಬಿಯರಿಗೆ ಅದರ ಎರಡೂವರೆ ಪಟ್ಟು ಸಾಕು. ನನ್ನ ಪಾನಕದಲ್ಲಿದ್ದದ್ದು ಲೀಟರಿಗೆ 75 ಗ್ರಾಂ. ಪೂರ್ತಿ ಹುದುಗಿದರೆ ಹತ್ತೊಂಬತ್ತು ಪಟ್ಟು. ಚೌಕದ ಬಾಟಲಿಯ ಮೂಲೆಗಳಲ್ಲಿ ಒತ್ತಡವೆಲ್ಲ ಕೂಡಿಕೊಳ್ಳುತ್ತದೆ. ದುಂಡನೆಯವು ಉಳಿದವಾದರೂ ಅದು ಅದೃಷ್ಟವಷ್ಟೇ, ಅವನ್ನು ದಪ್ಪ ಟವೆಲ್ ಸುತ್ತಿ ತೆರೆದಾಗ ಚಾವಣಿಯವರೆಗೆ ಚಿಮ್ಮಿತು. ತಪ್ಪು ನನ್ನದೇ, ಆದರೆ ಮಾರುವವರು ಚೌಕದ ಬಾಟಲಿಗಳನ್ನು ಸೋಡಾ, ಬಿಯರುಗಳಿಗೆ ಯೋಗ್ಯವೆಂದು ಬರೆದುಕೊಂಡಿದ್ದದ್ದು ಸರಿಯಲ್ಲ.

ಬಿಯರ್ ಎಂಬ ಹೆಸರಿನಿಂದ ಮನೆಯಲ್ಲಿ ಮತ್ತೊಂದು ತೊಡಕು ಆಯಿತು. 78 ವರ್ಷದ ನಮ್ಮ ತಾಯಿ ಲೋಟವನ್ನು ಮೂಗಿನ ಬಳಿ ಹಿಡಿದು, "ಇದ್ರಲ್ಲಿ ಹೆಂಡ-ಗಿಂಡ ಏನೂ ಇಲ್ಲ ತಾನೇನೋ?" ಎಂದು ಕೇಳಿದರು. ಚಿಕ್ಕಂದಿನಲ್ಲಿ ಈಚಲು ಹೆಂಡದ ಅಂಗಡಿಯ ಮುಂದೆ ಮುಖ ತಿರುಗಿಸಿಕೊಂಡು ನಡೆದವರು ಅವರು. ಸುಳ್ಳು ಹೇಳಲು ಮನಸ್ಸಾಗದೆ, ಹುಳಿ ಬಂದ ಅಂಬಲಿಯಲ್ಲಿ ಹೇಗೋ ಇದರಲ್ಲಿಯೂ ಹಾಗೆಯೇ, ಎಷ್ಟೋ ತುಸು ಇದ್ದೇ ಇರುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಲೋಟವನ್ನು ಕೆಳಗಿಟ್ಟು ಒಳಗೆ ಹೋದರು. ಮರುದಿನದಿಂದ ಅದನ್ನು ಎಲ್ಲರೂ ಶುಂಠಿ ಸೋಡಾ ಎಂದು ಕರೆಯತೊಡಗಿದೆವು. ತಾಯಿ ಈಗಲೂ ಕುಡಿಯುವುದಿಲ್ಲ, ಆದರೆ ಬಂದವರಿಗೆ "ನಮ್ಮೋನು ಮಾಡಿದ್ದು, ಒಸಿ ಕುಡೀರಿ" ಎಂದು ಅವರೇ ತಂದಿಡುತ್ತಾರೆ. ಮೆಣಸಿನಕಾಯಿ ಬಜ್ಜಿಯೊಂದಿಗೆ ಇದು ಹೊಂದುವಷ್ಟು ಅಂಗಡಿಯ ಯಾವ ಸೋಡಾವೂ ಹೊಂದುವುದಿಲ್ಲ. ಪುಟ್ಟ ಮಕ್ಕಳಿಗೂ ಬಸುರಿಯರಿಗೂ ಮಾತ್ರ ನಾನು ಕೊಡುವುದಿಲ್ಲ. ಅವರಿಗೆ ಹುದುಗು ಬರಿಸದ ಪಾನಕವನ್ನು ಬೇರೆಯಾಗಿ ತೆಗೆದಿಡುತ್ತೇನೆ.

ಬೆಲೆಯ ವಿಚಾರ. ಅಮೆರಿಕದಲ್ಲಿ ಇಂಥ ಕಿಟ್ಟು 50 ಡಾಲರಿನ ಆಸುಪಾಸಿನಲ್ಲಿ ದೊರೆಯುತ್ತದೆ. ಅಲ್ಲಿ ನೆಲೆಸಿದವರು, ಬಿಯರ್ ತಯಾರಿಕೆ ತಮಗೆ ಒಗ್ಗುತ್ತದೆಯೇ ಎಂದು ಒಂದೆರಡು ಸಲ ನೋಡಲು ಬಯಸುವವರು, ಸಣ್ಣ ಅಡುಗೆಮನೆಯವರು ಕೊಳ್ಳಬಹುದು. ಜೊತೆಗೆ ಹೈಡ್ರೋಮೀಟರೊಂದನ್ನು ಮರೆಯದೆ ತೆಗೆದುಕೊಳ್ಳಬೇಕು. ಸ್ನೇಹಿತರನ್ನು ಕರೆದು ಕುಡಿಸುವ ಹವ್ಯಾಸದವರು ನೇರವಾಗಿ ಐದು ಗ್ಯಾಲನ್ ಬಕೆಟ್ಟಿಗೆ ಹೋಗುವುದು ಮೇಲು. ತುಮಕೂರಿನಲ್ಲಿ ಕುಳಿತು ಶುಂಠಿ ಸೋಡಾಕ್ಕಾಗಿ ಇದನ್ನು ವಿದೇಶದಿಂದ ತರಿಸುವ ಅಗತ್ಯ ಖಂಡಿತ ಇಲ್ಲ. ಏರ್‌ಲಾಕ್ ಒಂದನ್ನು ಬಿಟ್ಟರೆ ಉಳಿದ ಪ್ರತಿಯೊಂದಕ್ಕೂ ಬದಲಿ ವಸ್ತು ಊರಿನಲ್ಲಿಯೇ ಇದೆ, ಥರ್ಮಾಮೀಟರಿಗಂತೂ ಇನ್ನೂ ಒಳ್ಳೆಯ ಬದಲಿಯಿದೆ.

ಸದ್ಯ ಹೂಜಿ ನಮ್ಮ ಮನೆಯಲ್ಲಿಲ್ಲ. ಲ್ಯಾಕ್ಟೋಮೀಟರ್ ಕೊಟ್ಟ ಋಣಕ್ಕೆಂದು ಭಾವ ಅದನ್ನು ಒಂದು ವಾರದ ಮಟ್ಟಿಗೆ ಕೇಳಿ ಒಯ್ದು ಎರಡು ತಿಂಗಳಾಯಿತು. ಮೊನ್ನೆ ಅಕ್ಕ ಫೋನಿನಲ್ಲಿ, ಊರಿನ ಡೇರಿಗೆ ಹಾಲು ಹಾಕಲು ಬಂದವರೆಲ್ಲ ಭಾವನ ಮನೆಯ ಜಗಲಿಯಲ್ಲಿ ಕುಳಿತು ಸೋಡಾ ಕುಡಿದು ಹೋಗುತ್ತಾರೆಂದೂ, ಮೂರೂವರೆ ಲೀಟರು ಒಂದು ಬೆಳಗಿಗೂ ಸಾಲುತ್ತಿಲ್ಲವೆಂದೂ, ಇನ್ನೊಂದು ಹೂಜಿ ತರಿಸಲು ತಮ್ಮನಿಗೆ ಹೇಳಬೇಕೆಂದೂ ತಿಳಿಸಿದಳು.